ಅಳತೆ ನಕ್ಷೆ ಮಾತ್ರ ಸಾಲ್ದು, ಯಾವುದು ಯಾವುದಕ್ಕೆ ಸೇರಿದೆ ಅಂತ ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹಳೇ ಬಂದರು, ಮುಚ್ಚಿದ ಫ್ಯಾಕ್ಟರಿ ಜಾಗಗಳನ್ನ ಹೊಸದಾಗಿ ಅಭಿವೃದ್ಧಿ ಮಾಡೋ ವಿಷಯ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರ್ತಾ ಇರ್ತದೆ, ನಾನು ಇಲ್ಲಿ ಸಿಡ್ನಿಯಲ್ಲಿ ಕೂತು ಆನ್‌ಲೈನಲ್ಲಿ ಓದ್ತೇನೆ. ಊರು ಮಂಗಳೂರು, ಕೆಲಸ ಸರ್ವೇ. ಈ ಬಗ್ಗೆ ಬರೀಬೇಕು ಅಂತ ತುಂಬಾ ಸಮಯದಿಂದ ಇತ್ತು, ಮೊನ್ನೆ ಅಮ್ಮನನ್ನ ಕಾಕಟೂ ದ್ವೀಪಕ್ಕೆ ಕರ್ಕೊಂಡು ಹೋಗಿ ಬಂದ ಮೇಲೆ ಇನ್ನು ತಡೀಲಿಕ್ಕೆ ಆಗ್ಲಿಲ್ಲ.

ಕಾಕಟೂ ಅಂದ್ರೆ ಸಿಡ್ನಿ ಹಾರ್ಬರಿನ ಒಳಗೆ, ಪ್ಯಾರಮಾಟ ಮತ್ತು ಲೇನ್ ಕೋವ್ ನದಿ ಸೇರೋ ಕಡೆ ಇರೋ ದ್ವೀಪ. ಇಲ್ಲಿನ ಮೂಲನಿವಾಸಿಗಳು ದ್ವೀಪಕ್ಕೆ ಇಟ್ಟ ಹೆಸರು ವಾರಿಯಾಮ. 1839ರಿಂದ 1869ರವರೆಗೆ ಕೈದಿಗಳ ಜೈಲು, ಆಮೇಲೆ ಸ್ವಲ್ಪ ವರ್ಷ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನ ಕೂಡಿ ಹಾಕಿದ ಜಾಗ, ಜೊತೆಜೊತೆಗೇ ಶಿಪ್‌ಯಾರ್ಡ್, ಅದು ಮುಚ್ಚಿದ್ದು 1990ರ ದಶಕದ ಶುರುವಿನಲ್ಲಿ. ಸುಮಾರು ಹತ್ತು ವರ್ಷ ಹಾಗೇ ಬಿದ್ದಿತ್ತು, 2001ರಲ್ಲಿ ಹಾರ್ಬರ್ ಟ್ರಸ್ಟ್ ಅನ್ನೋ ಸರ್ಕಾರಿ ಸಂಸ್ಥೆಯ ಕೈಗೆ ಬಂತು, 2007ರಲ್ಲಿ ಜನರಿಗೆ ತೆರೆದ್ರು, 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು.

ಅಮ್ಮನಿಗೆ ಮಂಡಿ ನೋವು. ಸರ್ಕ್ಯುಲರ್ ಕೀಯಿಂದ ಫೆರಿಯಲ್ಲಿ ಆರಾಮಾಗಿ ಬಂದು ಇಳಿದ್ವಿ, ಅವರಿಗೆ ಮೇಲಿನ ಜೈಲು ನೋಡ್ಬೇಕು ಅಂತ ಆಸೆ, ನಕ್ಷೆಯಲ್ಲಿ ನೋಡಿದ್ರೆ ಇಲ್ಲೇ ಪಕ್ಕದಲ್ಲಿ, ಬೆರಳಲ್ಲಿ ಅಳೆದ್ರೆ ಒಂದು ಇಂಚೂ ಇಲ್ಲ. ಆದ್ರೆ ಆ ಒಂದು ಇಂಚಿನ ಮಧ್ಯೆ ಕಡಿದು ನಿಲ್ಲಿಸಿದ ಕಲ್ಲಿನ ಗೋಡೆ ಉಂಟು, ಮೇಲೆ ಹೋಗ್ಲಿಕ್ಕೆ ಏರು ದಾರಿಯಲ್ಲಿ ಸುತ್ತಿ ಬರ್ಬೇಕು, ಅರ್ಧಕ್ಕೆ ಅಮ್ಮ ನಿಂತ್ಬಿಟ್ರು, ವಾಪಸ್ ಇಳಿಸ್ಕೊಂಡು ಬಂದೆ. ಅದೇ ದ್ವೀಪದ ಇನ್ನೊಂದು ಮಗ್ಗುಲು ನಕ್ಷೆಯಲ್ಲಿ ದೂರ ಕಾಣ್ತದೆ, ಆದ್ರೆ ಬಂಡೆಯೊಳಗೆ ಕೊರೆದ ಸುರಂಗದಲ್ಲಿ ನಡೆದ್ರೆ ಸಮತಟ್ಟು ನೆಲ, ತಣ್ಣಗೆ ಗಾಳಿ, ಗೋಡೆ ಮುಟ್ಟಿದ್ರೆ ಮರಳುಕಲ್ಲಿನ ಒದ್ದೆ ಕೈಗೆ ಹತ್ತುತ್ತದೆ, ಅಮ್ಮ ಕೋಲು ಊರಿಕೊಂಡು ಒಮ್ಮೆಯೂ ಕೂರದೆ ಆ ಕಡೆ ದಾಟಿದ್ರು. ದಾಟಿದ ಮೇಲೆ ಕೇಳಿದ್ದು ಒಂದೇ ಮಾತು, "ಇದನ್ನ ಮೊದಲೇ ಹೇಳ್ಲಿಲ್ಲ ಯಾಕೆ ಮಗಾ?"

ಹೇಳ್ಲಿಕ್ಕೆ ನನ್ನ ಕೈಯಲ್ಲಿದ್ದ ನಕ್ಷೆಯಲ್ಲಿ ಅದು ಇರ್ಲಿಲ್ಲ. ಅದು ಅಳತೆಯ ನಕ್ಷೆ. ನಾವು ಸರ್ವೇಯವರು ಜೀವಮಾನ ಇಡೀ ಮಾಡೋದು ಅದನ್ನೇ, ಎಲ್ಲಿ ಎಷ್ಟು ಎತ್ತರ, ಎಷ್ಟು ಉದ್ದ, ಈಗಂತೂ ಲೇಸರ್ ಸ್ಕ್ಯಾನರ್ ಇಟ್ರೆ ಮಿಲಿಮೀಟರ್ ಲೆಕ್ಕದಲ್ಲಿ ಕೋಟಿಗಟ್ಟಲೆ ಪಾಯಿಂಟ್ ಬರ್ತದೆ, ಆದ್ರೆ ಆ ಪಾಯಿಂಟಿನ ರಾಶಿಗೆ ಒಂದು ಬಾಗಿಲು ಯಾವುದಕ್ಕೆ ತೆರೀತದೆ ಅಂತ ಗೊತ್ತಿಲ್ಲ. ಟೊಪಾಲಜಿ ನಕ್ಷೆ, ಅಂದ್ರೆ ಯಾವುದು ಯಾವುದಕ್ಕೆ ಸೇರಿದೆ ಅಂತ ತೋರಿಸೋ ಸಂಬಂಧದ ನಕ್ಷೆ, ಬೇರೆ. ಬೆಂಗಳೂರು ಮೆಟ್ರೋದಲ್ಲಿ ನೇರಳೆ ಗೆರೆ ಹಸಿರು ಗೆರೆ ಹಾಕಿರ್ತಾರಲ್ವಾ, ಅದರಲ್ಲಿ ದೂರ, ತಿರುವು ಯಾವುದೂ ನಿಜವಾದದ್ದಲ್ಲ, ಆದ್ರೂ ಯಾವ ಸ್ಟೇಷನ್ ಆದ್ಮೇಲೆ ಯಾವುದು, ಎಲ್ಲಿ ಇಳಿದು ಬದಲಾಯಿಸ್ಬೇಕು ಅನ್ನೋದು ಪಕ್ಕಾ ಇರ್ತದೆ. ನಮ್ಮ ಮಂಗಳೂರಿನ ಬೆಂಗ್ರೆಯನ್ನೇ ನೋಡಿ. ಹಳೇ ಬಂದರಿನ ಎದುರಿಗೇ ಉಂಟು, ದೋಣಿ ಹತ್ತಿದ್ರೆ ಮಾತು ಮುಗಿಯೋದ್ರೊಳಗೆ ಆಚೆ ದಡ, ರಸ್ತೆಯಲ್ಲಿ ಹೋದ್ರೆ ಕೂಳೂರು ಸುತ್ತಿ ಹತ್ತು ಕಿಲೋಮೀಟರಿಗೂ ಜಾಸ್ತಿ. ಬೆಂಗ್ರೆಯವರ ಜೀವನ ನಿಂತಿರೋದು ಆ ದೋಣಿ ಅನ್ನೋ ಒಂದು ಗೆರೆ ಮೇಲೆ, ಕಿಲೋಮೀಟರ್ ಲೆಕ್ಕದ ಮೇಲೆ ಅಲ್ಲ.

ಶಿಪ್‌ಯಾರ್ಡ್ ದ್ವೀಪಕ್ಕೆ ಇದು ಇನ್ನೂ ಹೆಚ್ಚು ಅನ್ವಯ ಆಗ್ತದೆ, ಯಾಕಂದ್ರೆ ಅಲ್ಲಿ ಒಂದು ಕಟ್ಟಡವೂ ಒಂಟಿಯಾಗಿ ಹುಟ್ಟಿದ್ದಲ್ಲ. ಕಾಕಟೂದಲ್ಲಿ ಮೇಲಿನ ಗುಡ್ಡದಲ್ಲಿ ಜೈಲು, ಕೆಳಗೆ ಕೈದಿಗಳೇ ಕಡಿದು 1857ರಲ್ಲಿ ಮುಗಿಸಿದ ಫಿಟ್ಜ್‌ರಾಯ್ ಡ್ರೈ ಡಾಕ್ (ಹಡಗನ್ನ ಒಳಗೆ ತಂದು, ನೀರು ಖಾಲಿ ಮಾಡಿ ರಿಪೇರಿ ಮಾಡೋ ಹೊಂಡ), ಹಾಗಾಗಿ ಜೈಲಿಗೂ ಡಾಕಿಗೂ ಮಧ್ಯೆ ದಿನಾ ಬೆಳಿಗ್ಗೆ ಸಂಜೆ ಕೈದಿಗಳು ಇಳಿದು ಹತ್ತಿದ ದಾರಿ ಒಂದು ಇತ್ತು. 1890ರಲ್ಲಿ ಅದಕ್ಕಿಂತ ದೊಡ್ಡ ಸದರ್ಲೆಂಡ್ ಡಾಕ್ ಬಂತು. ಈ ಎರಡು ಡಾಕಿನ ನೀರು ಹೊರಗೆ ಹಾಕೋ ಪಂಪು ಇದ್ದದ್ದು 1918ರ ಪವರ್‌ಹೌಸಲ್ಲಿ, ಅದರ ಎತ್ತರದ ಚಿಮಣಿ ಈಗಲೂ ನಿಂತಿದೆ, ಫೋಟೋ ತೆಗೆಯೋರು ತೆಗೀತಾರೆ, ಆದ್ರೆ ಆ ಚಿಮಣಿಗೂ ಡಾಕಿಗೂ ಇದ್ದ ನಂಟು ಯಾರಿಗೂ ಕಾಣೋದಿಲ್ಲ. ಕಲ್ಲು ಕಡಿದದ್ದನ್ನ ನೀರಿಗೆ ತುಂಬ್ತಾ ತುಂಬ್ತಾ ದ್ವೀಪವೇ ಬೆಳೀತು, 13 ಹೆಕ್ಟೇರ್ ಹತ್ರ ಇದ್ದದ್ದು 18ರ ಹತ್ರ ಆಯ್ತು. ಹಾಗೆ ಗುಡ್ಡವನ್ನ ಕಡಿದು ಕಡಿದು ಮೇಲೆ ಕೆಳಗೆ ಬೇರೆ ಆದ ಮೇಲೆ ಸುರಂಗ ಬೇಕಾಯ್ತು, ಒಂದು ಮೊದಲ ಮಹಾಯುದ್ಧದ ಕಾಲದ್ದು, ಇನ್ನೊಂದು ಎರಡನೇದ್ದು, ಆ ಎರಡನೇದ್ದನ್ನ ಬಾಂಬ್ ದಾಳಿಯ ಆಶ್ರಯಕ್ಕೂ ಇಟ್ಕೊಂಡಿದ್ರು. 1942ರಲ್ಲಿ ಸಿಂಗಾಪುರ ಬಿದ್ದ ಮೇಲೆ ಪೆಸಿಫಿಕ್‌ನ ಈ ಕಡೆಗೆ ಹಡಗು ರಿಪೇರಿಗೆ ಇದೇ ಮುಖ್ಯ ಜಾಗ.

ನನಗೆ ಅತಿ ಇಷ್ಟದ ಜಾಗ ಮೇಲಿರೋ ಮೌಲ್ಡ್ ಲಾಫ್ಟ್. ಉದ್ದಕ್ಕೆ ಮರದ ಹಲಗೆ ಹಾಸಿದ ದೊಡ್ಡ ಹಾಲ್, ಹಡಗಿನ ಗೆರೆಗಳನ್ನ ಅಲ್ಲಿ ನೆಲದ ಮೇಲೆ ನಿಜ ಸೈಜಿನಲ್ಲೇ ಕೊರೀತಿದ್ರು. ಕುಕ್ಕರುಗಾಲಲ್ಲಿ ಕೂತು ಬಗ್ಗಿ ನೋಡಿದ್ರೆ ಹಲಗೆಯಿಂದ ಹಲಗೆಗೆ ಹರಿದು ಹೋಗೋ ತೆಳ್ಳಗಿನ ಬಾಗಿದ ಗೀರು ಈಗಲೂ ಕಾಣ್ತದೆ, ಒಂದರ ಮೇಲೆ ಒಂದು, ಯಾವ ಹಡಗಿಂದು ಯಾವುದು ಅಂತ ಬಿಡಿಸ್ಲಿಕ್ಕೆ ಆಗೋದಿಲ್ಲ. ಆ ಗೆರೆ ನೋಡಿ ಅಚ್ಚು ಮಾಡಿ, ಅಚ್ಚು ಕೆಳಗೆ ಹೋಗಿ, ಅದರ ಪ್ರಕಾರ ಉಕ್ಕಿನ ಪ್ಲೇಟ್ ಕತ್ತರಿಸಿ ಬಗ್ಗಿಸಿ, ಆಮೇಲೆ ಸ್ಲಿಪ್‌ವೇಯಲ್ಲಿ, ಅಂದ್ರೆ ನೀರಿಗೆ ಜಾರಿಸೋ ಇಳಿಜಾರಿನಲ್ಲಿ, ಜೋಡಿಸಿ ಹಡಗು ನೀರಿಗೆ ಇಳಿಯೋದು. ಹಾಗೆ ನೋಡಿದ್ರೆ ಆ ಹಲಗೆಯಿಂದ ಸಮುದ್ರದ ತನಕ ಒಂದೇ ಗೆರೆ. ಈಗ ಮೌಲ್ಡ್ ಲಾಫ್ಟ್ ಒಂದು ಕಟ್ಟಡ, ಸ್ಲಿಪ್‌ವೇ ಇನ್ನೊಂದು ತಾಣ, ಎರಡಕ್ಕೂ ಬೇರೆ ಬೇರೆ ಬೋರ್ಡು. ನನಗೆ ಇದು ನಿಜವಾಗಿ ಸಂಕಟ ಆಗೋ ವಿಷಯ.

ಯಾರ್ಡ್ ಮುಚ್ಚಿದ ಮೇಲೆ ಇಲ್ಲಿ ಹತ್ತಾರು ಕಟ್ಟಡ, ಹಲವು ಜೆಟ್ಟಿ ಕೆಡವಿದ್ರು, ಮಷಿನುಗಳನ್ನ ಮಾರಿದ್ರು. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದ್ರೆ ಹಳೇ ಶೆಡ್ಡು, ತುಕ್ಕು ಹಿಡಿದ ತಗಡು, ಕೆಡವಿದ್ರೆ ಎಂತ ನಷ್ಟ ಅಂತ ಅನ್ನಿಸ್ತದೆ. ಆದ್ರೆ ಮಧ್ಯದ ಒಂದು ಕೊಂಡಿ ತೆಗೆದ್ರೆ ಅದರ ಆಚೆ ಈಚೆ ಇದ್ದ ಎರಡು ಒಳ್ಳೇ ಕಟ್ಟಡಗಳೂ ಅರ್ಥ ಇಲ್ಲದೆ ನಿಲ್ತವೆ. ಕೆಡವೋ ಮೊದಲು ಸಂಬಂಧದ ನಕ್ಷೆ ಒಂದು ಬರೆದಿದ್ರೆ ಯಾವುದನ್ನ ತೆಗೀಬಹುದು, ಯಾವುದನ್ನ ಮುಟ್ಟಬಾರದು ಅಂತ ಕಣ್ಣಿಗೆ ಕಾಣ್ತಿತ್ತು.

ಇದು ಬರೀ ಪುಸ್ತಕದ ಮಾತು ಅಲ್ಲ. ಫ್ರಾನ್ಸಿನ ನಾಂತ್ ಊರಲ್ಲಿ ಲ್ವಾರ್ ನದಿ ಮಧ್ಯೆ 337 ಹೆಕ್ಟೇರಿನ ದ್ವೀಪ ಉಂಟು, ಅಲ್ಲಿನ ದುಬಿಜೋಂ ಶಿಪ್‌ಯಾರ್ಡ್ 1987ರಲ್ಲಿ ಮುಚ್ಚಿತು. 2000ದ ಹೊತ್ತಿಗೆ ಕೆಲಸ ವಹಿಸ್ಕೊಂಡ ನಗರ ಯೋಜಕ ಅಲೆಕ್ಸಾಂದ್ರ್ ಶೆಮೆತೋಫ್ ಖಾಲಿ ಹಾಳೆ ಮೇಲೆ ಚಂದದ ಪ್ಲಾನ್ ಬರೀಲಿಲ್ಲ, ದ್ವೀಪದಲ್ಲಿ ಈಗ ಎಂತ ಉಂಟೋ ಅದನ್ನೆಲ್ಲ ಮೊದಲು ನಕ್ಷೆಗೆ ಇಳಿಸಿ, ಆಗ್ಬೇಕಾದ್ದನ್ನ ಅದೇ ನಕ್ಷೆಯ ಮೇಲೆ ಬರೆದು, ಕೆಲಸ ನಡೆದ ಹಾಗೆ ಆ ನಕ್ಷೆಯನ್ನೂ ತಿದ್ತಾ ಹೋದ್ರು. ಹಳೇ ಸ್ಲಿಪ್‌ವೇ ಉಳೀತು, ಹಳದಿ ಕ್ರೇನ್ ಉಳೀತು, ಹಳೇ ಶೆಡ್ಡಿನಿಂದ ಹೊರಟು 2007ರಿಂದ 12 ಮೀಟರ್ ಎತ್ತರದ ಯಾಂತ್ರಿಕ ಆನೆ ಜನರನ್ನ ಬೆನ್ನ ಮೇಲೆ ಕೂರಿಸ್ಕೊಂಡು ಓಡಾಡ್ತದೆ. ಆನೆಗೆ ಜಾಗ ಸಿಕ್ಕಿದ್ದು ಹಡಗು ಕಟ್ಟೋ ಶೆಡ್ಡು ಅಷ್ಟು ದೊಡ್ಡದಿತ್ತು ಮತ್ತು ಅದನ್ನ ಯಾರೂ ಕೆಡವಿರ್ಲಿಲ್ಲ ಅಂತಲೇ.

ಇದನ್ನ ಮಾಡೋದು ಕಷ್ಟ ಇಲ್ಲ. ಸುರಂಗ, ಮೆಟ್ಟಿಲು, ಕ್ರೇನಿನ ಹಳಿ, ಪೈಪು, ಕೇಬಲ್, ಚರಂಡಿ, ಇವೆಲ್ಲ ಗೆರೆ, ಕಟ್ಟಡ ಡಾಕುಗಳು ಗಂಟು. ಮಂಡಿ ನೋವಿನವರಿಗೆ, ಗಾಲಿಕುರ್ಚಿಯವರಿಗೆ ಯಾವ ಗೆರೆ ನಡೀತದೆ ಅಂತ ಬೇರೆ ಬಣ್ಣ ಹಾಕಿ. ಚರಂಡಿ ಬಿಡಬೇಡಿ ಯಾಕಂದ್ರೆ ಹಳೇ ಯಾರ್ಡಿನ ಮಣ್ಣಲ್ಲಿ ಪೇಂಟಿಂದು ಲೋಹದ್ದು ವಿಷ ಕೂತಿರ್ತದೆ, ಅದು ನೀರಿಗೆ ಸೇರೋದು ಆ ದಾರಿಯಲ್ಲೇ. ಮತ್ತೆ ಅಲ್ಲಿ ಕೆಲಸ ಮಾಡಿದವರನ್ನ ಕೇಳಿ, ಯಾರ್ಡ್ ಮುಚ್ಚುವಾಗ ಇಪ್ಪತ್ತೈದು ವರ್ಷ ಆಗಿದ್ದವರಿಗೆ ಈಗ ಅರುವತ್ತು ಹತ್ರ ಬಂತು, ಅವರಿಗಿಂತ ಹಿರಿಯರು ಎಷ್ಟೋ ಜನ ಹೋಗಿಯೇ ಆಯ್ತು, ಯಾವ ಬಾಗಿಲಿಂದ ಎಂತ ಸಾಗಿಸ್ತಿದ್ರು ಅನ್ನೋದು ಅವರ ತಲೆಯಲ್ಲಿ ಬಿಟ್ರೆ ಬೇರೆಲ್ಲೂ ಬರೆದಿಟ್ಟಿರೋದಿಲ್ಲ.

ನಮ್ಮ ಹಳೇ ಬಂದರಿಗೂ ನಾನು ಕೇಳೋದು ಇಷ್ಟೇ. ಟೆಂಡರ್ ಕರೆಯೋ ಮೊದಲು ಬೆಂಗ್ರೆ ದೋಣಿ, ಲಕ್ಷದ್ವೀಪಕ್ಕೆ ಹೋಗೋ ಮಂಜಿಗೆ (ಸರಕಿನ ಹಡಗಿಗೆ) ಸಾಮಾನು ತುಂಬೋ ದಾರಿ, ಗೋಡೌನ್, ಮೀನಿನ ದಕ್ಕೆ, ಐಸ್ ಬರೋ ಗಲ್ಲಿ, ಇಷ್ಟರ ಸಂಬಂಧದ ನಕ್ಷೆ ಮಾಡಿ ಪತ್ರಿಕೆಯಲ್ಲಿ ಹಾಕಿ, ಅಲ್ಲಿ ದುಡಿಯೋರು ತಪ್ಪಿದ್ರೆ ತಿದ್ದಲಿ. ಡಿಸೆಂಬರಲ್ಲಿ ಊರಿಗೆ ಬರ್ತೇನೆ, ಯಾರಾದ್ರೂ ಕಾಲೇಜು ಮಕ್ಕಳು ಜೊತೆಗೆ ಬರ್ತಾರಾದ್ರೆ ಬೆಳಿಗ್ಗೆ ಐದಕ್ಕೆ ದಕ್ಕೆಯಲ್ಲಿ ನಿಂತು ಆ ನಕ್ಷೆ ಶುರು ಮಾಡ್ಲಿಕ್ಕೆ ನಾನು ತಯಾರಿದ್ದೇನೆ.

ಇಂತಿ,
ನಿಮ್ಮ ಓದುಗ, ಸಿಡ್ನಿ