ಆಲ್ಬಮ್ ಆಮ್ಯಾಲ ತಗಿ

ಗೆಳೆಯಾ,

ಹಾವೇರಿಗೆ ಹೋಗಿ ಅಜ್ಜನ ಹಳೇ ನೆನಪು ರೆಕಾರ್ಡ್ ಮಾಡಕೊಂಡು ಬರತೀನಿ ಅಂತ ಬರದೀದಿ, ಭಾಳ ಚಲೋ. ಆದ್ರ ಮೊದಲ ಫೋಟೊ ಆಲ್ಬಮ್ ತೋರಿಸಿ ಮಾತಿಗೆಳಿತೀನಿ ಅಂದೀಯಲ್ಲ, ಅದೊಂದು ಮಾಡಬ್ಯಾಡ. ಒಮ್ಮೆ ಫೋಟೊ ನೋಡಿದ್ರ, ತಾನು ಕಂಡಿದ್ದು ಯಾವುದು, ಫೋಟೊದಾಗಿಂದು ಯಾವುದು ಅಂತ ಅಜ್ಜಗೂ ಬಿಡಿಸಾಕ ಬರೂದಿಲ್ಲ.

ಜೋಳ ತುಂಬಿಡೋ ನೆಲದಾಗಿನ ಹಗೇವು ತಗದಾಗ ಒಳಗಿನ ಜೋಳಕ್ಕ ಗಾಳಿ ತಾಕೂದಿಲ್ಲೇನು, ನೆನಪಿಂದೂ ಹಂಗ. 2000ದಾಗ ಮೆದುಳು ವಿಜ್ಞಾನಿ ಕರೀಮ್ ನಾದರ್ ಮತ್ತ ಸಂಗಡಿಗರು ಇಲಿಗೆ ಒಂದು ಸಪ್ಪಳ ಕೇಳಿಸಿ, ಶಾಕ್ ಕೊಟ್ಟು, ಆ ಸಪ್ಪಳಕ್ಕ ಅಂಜೂದು ಕಲಿಸಿದ್ರು. ಮರುದಿನ ಅದ ಸಪ್ಪಳ ಕೇಳಿಸಿ, ಕೂಡ್ಲೆ ಮೆದುಳಿನಾಗ ಅಂಜಿಕಿ ನೆನಪಿಗೆ ಬೇಕಾದ ಅಮಿಗ್ಡಲಾ ಅನ್ನೋ ಭಾಗಕ್ಕ, ಪ್ರೋಟೀನ್ ತಯಾರಾಗೂದನ್ನ ತಡಿಯೋ ಔಷಧ ಹಾಕಿದ್ರ ಅಂಜಿಕಿ ಭಾಳ ಕಡಿಮಿ ಆತು. ಸಪ್ಪಳ ಕೇಳಿಸದ ಬರೇ ಔಷಧ ಹಾಕಿದ್ರ ಅಂಜಿಕಿ ಹಂಗ ಉಳೀತು. ಕೇಳಿಸಿ 6 ತಾಸು ತಡದು ಔಷಧ ಹಾಕಿದ್ರೂ ಹಂಗ ಉಳೀತು. ಅಂದ್ರ ನೆನಪು ಹೊರಗ ಬಂದಾಗ ಒಂದಿಷ್ಟು ಹೊತ್ತು ಹಸಿ ಇರತೈತಿ, ಮತ್ತ ಗಟ್ಟಿ ಆಗಬೇಕು. ಇಲಿ ಲೆಕ್ಕ ಇದ್ದಕ್ಕಿದ್ದಂಗ ಅಜ್ಜಗ ಹಚ್ಚಬಾರದು ಖರೆ, ಎಚ್ಚರಿಕಿ ಇರಲಿ.

ಪ್ರಶ್ನಿ ಇನ್ನೂ ನಾಜೂಕು. 1974ರಾಗ ಲಾಫ್ಟಸ್ ಮತ್ತ ಪಾಮರ್ ಅನ್ನೋ ಮನಶ್ಶಾಸ್ತ್ರ ಸಂಶೋಧಕರು ಕಾರು ಡಿಕ್ಕಿ ಹೊಡಿಯೋ ಫಿಲ್ಮ್ ತೋರಿಸಿ, ಕೆಲವರಿಗೆ ಕಾರು ‘ಅಪ್ಪಳಿಸಿದಾಗ’ ಎಷ್ಟು ವೇಗ ಇತ್ತು ಅಂತ, ಕೆಲವರಿಗೆ ‘ಬಡಿದಾಗ’ ಅಂತ ಕೇಳಿದ್ರು. ವಾರದ ಮ್ಯಾಲ, ಒಡದ ಗಾಜು ಕಂಡ್ರೇನು ಅಂದ್ರ, ‘ಅಪ್ಪಳಿಸಿದ’ ಗುಂಪಿನ 50 ಮಂದಿಯೊಳಗ 16, ‘ಬಡಿದ’ ಗುಂಪಿನ 50ರಾಗ 7 ಮಂದಿ ಹೌದಂದ್ರು. ಫಿಲ್ಮಿನಾಗ ಗಾಜು ಒಡದಿರಲೇ ಇಲ್ಲ.

ಹಂಗಾಗಿ ‘ಪೊಲೀಸ್ರು ಲಾಠಿ ಬೀಸಿದ್ರಲ್ಲ?’ ಅಂತ ಕೇಳಬ್ಯಾಡ. ‘ಅವತ್ತು ಮುಂಜಾನಿಂದ ಏನೇನಾತು?’ ಅಂದು ಸುಮ್ಮನ ಕೂಡು. ಅಜ್ಜ ನಿಂತ್ರೂ ನೀ ತುಂಬಬ್ಯಾಡ, ಹತ್ತೆಣಿಸು. ಅವರ ಮಾತು ಮುಗಿದ ಮ್ಯಾಲ ‘ನೀವು ನಿಂತಲ್ಲಿಂದ ಏನು ಕಾಣತಿತ್ತು?’ ಅನ್ನು. ಕಾಕಾ, ನೆರಿಮನಿ ಹಿರೇರು ಸಂಗಾಟ ಕುಂತಿರಬಾರದು. ಒಬ್ಬರ ಮಾತು ಇನ್ನೊಬ್ಬರ ನೆನಪಿನಾಗ ಹೊಕ್ಕೋತೈತಿ. ಅವರನ್ನ ಬ್ಯಾರೆ ದಿನ ಬ್ಯಾರೆ ಕೇಳು.

ಅಜ್ಜ ‘1985ರಾಗ ಹಾವೇರಿ ಡಿಸಿ ಆಫೀಸಿಗೆ ಹೋಗಿದ್ದೆ’ ಅಂದ್ರ ಅಲ್ಲೇ ತಿದ್ದಬ್ಯಾಡ. ಧಾರವಾಡ ಜಿಲ್ಲಾದಿಂದ ಬ್ಯಾರೆ ಆಗಿ ಹಾವೇರಿ ಜಿಲ್ಲಾ ಆಗಿದ್ದ 1997ರಾಗ. ಒಂದೋ ವರ್ಷ ಸರದೈತಿ, ಇಲ್ಲಾ ಆಫೀಸು ಧಾರವಾಡದ್ದು. ನೀ ತಿದ್ದಿದ್ದು ಮುಂದಿನ ಸಲ ಅವರದ ನೆನಪಾಗಿ ಬರತೈತಿ. ಡೈರಿ ಅಂಚಿನಾಗ ಬರಕೋ, ಸಾಕು. ‘ಕಣ್ಣಿಗೆ ಕಟ್ಟಿದಂಗ ಐತಿ’ ಅಂತ ಎದಿ ತಟ್ಟಿ ಹೇಳಿದ್ರೂ ಅದನ್ನ ಸಾಕ್ಷಿ ಅಂತ ಹಿಡೀಬ್ಯಾಡ.

ಮೊದಲನೇ ರೆಕಾರ್ಡಿಂಗ್ ಕತ್ತರಿಸದ, ತಾರೀಖು ಹಚ್ಚಿ ಬ್ಯಾರೆ ಇಡು. ಎರಡನೇ ಸಲ ಕುಂತಾಗ ಆಲ್ಬಮ್ ತಗಿ. ಯಾವ ಫೋಟೊ ತೋರಿಸಿದ ಮ್ಯಾಲ ಯಾವ ಮಾತು ಹೊಸದಾಗಿ ಬಂತು ಅನ್ನೂದನ್ನ ಗುರುತು ಹಾಕಕೋ.

ನಿನ್ನ ಗೆಳೆಯ,
ಧಾರವಾಡ