ಗಾಳದವರಿಗೆ ಒಂದು ಕುರ್ಚಿ ಇರ್ಲಿ, ಬೀಗದಕೈ ಬೇಡ

ಸಂಪಾದಕರೇ,

ಕಡಲತಡಿ ಪಾರ್ಕಿನ ಮುಂದಿನ ಹತ್ತು ವರ್ಷದ ಪ್ಲಾನ್ ಮಾಡೋ ಕಮಿಟೀಲಿ ಮೀನು ಹಿಡಿಯೋ ಕ್ಲಬ್ಬಿಗೂ ಜಾಗ ಕೊಡ್ತಾರಂತೆ ಅನ್ನೋ ಸುದ್ದಿಗೆ ನಿಮ್ಮ ಓದುಗರೊಬ್ರು "ಇದು ಬೇಲಿನೇ ಎದ್ದು ಹೊಲ ಮೇಯೋ ಕಥೆ" ಅಂತ ಬರೆದಿದ್ರು. ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ನಾನೂ ಅದೇ ಕ್ಲಬ್ಬಿನವನು, ಗಾಳ ಹಿಡಿಯೋಕೆ ಶುರು ಮಾಡಿ ಇಪ್ಪತ್ತು ವರ್ಷ ಆಯ್ತು, ಅವರು ಹೇಳಿದ್ರಲ್ಲಿ ಅರ್ಧ ನಿಜಾನೇ.

ಮೊದಲು ನಿಜ ಅಲ್ಲದ ಅರ್ಧ. ಪಾರ್ಕ್ ಆಫೀಸಿನೋರು ಬರೋದು ಹನ್ನೊಂದು ಗಂಟೆ ಬಿಸಿಲಲ್ಲಿ, ಜೀಪಲ್ಲಿ. ನಾವು ಇಳಿತದ ಹೊತ್ತು ನೋಡ್ಕೊಂಡು ಕತ್ಲಲ್ಲೇ ಮೊಣಕಾಲುದ್ದ ನೀರಲ್ಲಿ ನಿಂತಿರ್ತೀವಿ. ಯಾವ ಮರಳ ದಿಬ್ಬ ಈ ವರ್ಷ ಎಷ್ಟು ಸರಿದಿದೆ, ಅಳಿವೆ ಬಾಯಲ್ಲಿ ಮರಿಮೀನು ಯಾವ ತಿಂಗಳು ಕಾಣ್ಸುತ್ತೆ, ಯಾವ ಮೋರಿಯಿಂದ ಮಳೆ ಬಂದ ಮಾರನೇ ದಿನ ನಾತ ಬರುತ್ತೆ, ಇದೆಲ್ಲ ನಮಗೆ ಗೊತ್ತಾಗೋದು ನಾವು ಜಾಣರು ಅಂತಲ್ಲ, ಬೇರೆ ಕೆಲ್ಸ ಇಲ್ದೆ ಅಲ್ಲೇ ನಿಂತಿರ್ತೀವಲ್ಲ ಅದಕ್ಕೆ.

ಕ್ಲಬ್ಬಲ್ಲಿ ಒಂದು ದಪ್ಪ ರಿಜಿಸ್ಟರ್ ಇದೆ, ಉಪ್ಪು ನೀರು ಬಿದ್ದು ಹಾಳೆ ಒಂದಕ್ಕೊಂದು ಅಂಟ್ಕೊಂಡಿದೆ, ತೆಗೀಬೇಕಾದ್ರೆ ಪಟಪಟ ಅನ್ನುತ್ತೆ. ತಾರೀಖು, ಎಷ್ಟು ಗಂಟೆ ನಿಂತ್ವಿ, ಏನು ಸಿಕ್ತು, ಎಷ್ಟು ಉದ್ದ ಅಂತ ಬರೆದಿರ್ತೀವಿ. ನಮ್ಮ ಹಳೇ ಸೆಕ್ರೆಟರಿ ಬರಿಗೈಲಿ ಬಂದ ದಿನಾನೂ ಬರೀಲೇಬೇಕು ಅಂತ ಹಠ ಮಾಡೋರು, ನಾವು ಅವರನ್ನ ಆಡ್ಕೊಂಡು ನಗ್ತಿದ್ವಿ. ಈಗ ಅರ್ಥ ಆಗ್ತಿದೆ, ಸೊನ್ನೆ ಬರೀದೇ ಇದ್ರೆ ಗಂಟೆಗೆ ಎಷ್ಟು ಮೀನು ಅನ್ನೋ ಲೆಕ್ಕಾನೇ ಸುಳ್ಳಾಗುತ್ತೆ, ಆ ಲೆಕ್ಕ ಇಲ್ದೆ ಮೀನು ಕಮ್ಮಿ ಆಯ್ತಾ ಇಲ್ವಾ ಅಂತ ಬರೀ ಬಾಯಲ್ಲಿ ಜಗಳ ಆಡ್ಬೋದು ಅಷ್ಟೆ. ಕಮಿಟಿಗೆ ನಮ್ಮಿಂದ ಬೇಕಾಗಿರೋದು ಭಾಷಣ ಅಲ್ಲ, ಈ ಪುಸ್ತಕ.

ಇನ್ನು ನಿಜವಾದ ಅರ್ಧಕ್ಕೆ ಬರ್ತೀನಿ, ನಮ್ಮೋರು ಬೈಕೊಂಡ್ರೂ ಪರ್ವಾಗಿಲ್ಲ. ಪ್ರತಿ ವರ್ಷದ ಕಾಂಪಿಟಿಶನ್ನಲ್ಲಿ ಕಪ್ ಕೊಡೋದು ಅತಿ ದೊಡ್ಡ ಮೀನು ಹಿಡಿದೋರಿಗೆ. ಆ ದೊಡ್ಡ ಮೀನು ಬಹಳ ಸಲ ತಾಯಿ ಮೀನೇ. ಎರಡು ಕೆಜಿಯ ಒಂದು ಹೆಣ್ಣು ಸಾಮಾನ್ಯವಾಗಿ ಒಂದೊಂದು ಕೆಜಿಯ ಎರಡು ಹೆಣ್ಣು ಸೇರಿ ಇಡೋದಕ್ಕಿಂತ ಜಾಸ್ತಿ ಮೊಟ್ಟೆ ಇಡುತ್ತೆ, ಅಂದ್ರೆ ನಾವು ಫೋಟೋ ತೆಗೆಸ್ಕೊಂಡು ಗೋಡೆಗೆ ಹಾಕಿರೋದು ಮುಂದಿನ ವರ್ಷದ ಬಿತ್ತನೆ ಬೀಜಾನ. ಚಿಕ್ಕದು ಬಿಡಿ ದೊಡ್ಡದು ತಗೊಳ್ಳಿ ಅನ್ನೋ ಒಂದೇ ರೂಲ್ಸ್ ಸಾಲಲ್ಲ, ಇಷ್ಟುದ್ದದಿಂದ ಇಷ್ಟುದ್ದದೊಳಗೆ ಮಾತ್ರ ಅಂತ ಮೇಲೂ ಒಂದು ಗೆರೆ ಹಾಕ್ಬೇಕು. ಬಿಡೋದೂ ಸುಮ್ನೆ ಅಲ್ಲ, ಒಣ ಕೈಲಿ ಹಿಡಿದ್ರೆ ಮೈಮೇಲಿನ ಲೋಳೆ ಕಿತ್ತು ಬರುತ್ತೆ, ಬಿಟ್ಟ ಮೇಲೂ ಆ ಮೀನು ಬದುಕೋದು ಕಷ್ಟ. ಹೋದ ಮಳೆಗಾಲದಲ್ಲಿ ಒಂದು ಕಡಲ ಹಕ್ಕಿ ಕಾಲಿಗೆ ನೈಲಾನ್ ದಾರ ಸುತ್ಕೊಂಡು ಬಂಡೆ ಸಂದೀಲಿ ಒದ್ದಾಡ್ತಿತ್ತು, ಕತ್ತರಿ ತಗೊಂಡು ಬಿಡಿಸ್ದಾಗ ಬೆರಳೊಂದು ಕಪ್ಪಾಗಿ ಹೋಗಿತ್ತು. ದಾರ ಯಾರದ್ದು ಅಂತ ಕೇಳ್ಬೇಡಿ, ನನ್ನದೂ ಇರ್ಬೋದು. ಇಂಗ್ಲೆಂಡಲ್ಲಿ ಗಾಳಕ್ಕೆ ಕಟ್ಟೋ ಸಣ್ಣ ಸೀಸದ ಗುಂಡು ನುಂಗಿ ಹಂಸಗಳು ಸಾಯ್ತಿದ್ವು ಅಂತ 1987ರಲ್ಲೇ ಅದನ್ನ ಬ್ಯಾನ್ ಮಾಡಿದ್ರು. ನಮ್ಮ ಡಬ್ಬೀಲಿ ಇವತ್ತಿಗೂ ಸೀಸಾನೇ.

ಅಳಿವೆ ಬಾಯಲ್ಲಿ ಗಾಳ ಹಾಕಂಗಿಲ್ಲ ಅನ್ನೋ ಮಾತು ಬಂದ ಕೂಡ್ಲೇ ಕ್ಲಬ್ ಮೀಟಿಂಗಲ್ಲಿ ಕುರ್ಚಿ ತಳ್ಳಿ ಎದ್ದೋರಿದ್ದಾರೆ. ಅಂಥೋರಿಗೆ ಎರಡು ಉದಾಹರಣೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಮರೀನ್ ಪಾರ್ಕಲ್ಲಿ ಮೀನು ಹಿಡಿಯಂಗಿಲ್ಲ ಅನ್ನೋ ಜಾಗ ಶೇ 5ಕ್ಕಿಂತ ಕಮ್ಮಿ ಇತ್ತು, ಅದನ್ನ 2004ರಲ್ಲಿ ಸುಮಾರು ಶೇ 33ಕ್ಕೆ ಏರಿಸಿದ್ರು, ಅದಕ್ಕೂ ಮುಂಚೆ ಜನರಿಂದ 30 ಸಾವಿರಕ್ಕೂ ಜಾಸ್ತಿ ಅಭಿಪ್ರಾಯ ತಗೊಂಡಿದ್ರು. ಮೆಕ್ಸಿಕೋದ ಕಾಬೋ ಪುಲ್ಮೋದಲ್ಲಂತೂ ಮೀನು ಹಿಡಿದೇ ಬದುಕ್ತಿದ್ದ ಕುಟುಂಬಗಳೇ ಮುಂದೆ ನಿಂತ್ರು, 1995ರಲ್ಲಿ ಪಾರ್ಕ್ ಆಯ್ತು, 1999ರಿಂದ 2009ರೊಳಗೆ ಅಲ್ಲಿನ ಮೀನಿನ ಒಟ್ಟು ತೂಕ ಐದು ಪಟ್ಟು ದಾಟ್ತು. ಬೇಲಿ ಕಾದಿದ್ದೂ ಅಲ್ಲಿನೋರೇ.

ಹಾಗಾಗಿ ನನ್ನ ಲೆಕ್ಕ ಇಷ್ಟೇ, ನಮಗೆ ಒಂದು ಕುರ್ಚಿ ಕೊಡಿ, ಮಾತು ಕೇಳಿ, ರಿಜಿಸ್ಟರ್ ತಗೊಳ್ಳಿ, ಆದ್ರೆ ಎಲ್ಲಿ ಗಾಳ ನಿಲ್ಲಿಸ್ಬೇಕು ಅನ್ನೋ ಓಟು ಮಾತ್ರ ನಮ್ಮ ಕೈಲಿ ಬೇಡ. ನಮಗಿಂತ ಮುಂಚೆ ಬಲೆ ಹಾಕಿ ಜೀವನ ಮಾಡೋರನ್ನ ಕೂರಿಸಿ, ನಮಗೆ ಇದು ರಜಾ ದಿನದ ಖುಷಿ, ಅವರಿಗೆ ಹೊಟ್ಟೆಪಾಡು. ಅವರನ್ನ ಕರೀದೇ ನಮ್ಮನ್ನ ಕರೆದ್ರೆ ನಿಮ್ಮ ಓದುಗರ ಗಾದೆ ಸರಿಯಾಗೇ ಕೂರುತ್ತೆ.

ಇನ್ನೊಂದು ವಿಷ್ಯ. ಮೀಟಿಂಗನ್ನ ದಯವಿಟ್ಟು ಭಾನುವಾರ ಬೆಳಗ್ಗೆ ಇಡ್ಬೇಡಿ, ನಮ್ಮೋರು ಒಬ್ರೂ ಬರಲ್ಲ.

— ಒಬ್ಬ ಗಾಳದವ