ಲೇಸರ್ ಸೈಟ್‌ನ ಬೆಲೆ ಅಳೆಯುವ ಬಗೆ

ಮಾನ್ಯ ಸಂಪಾದಕರೇ,

ಭೂಸೇನೆಯ ಸಿಗ್ 716 ರೈಫಲ್‌ಗಳಿಗೆ ರಾತ್ರಿ ಸೈಟ್ (ರೈಫಲ್ಲಿನ ಮೇಲೆ ಕೂರಿಸಿ ಕತ್ತಲಲ್ಲೂ ಗುರಿ ನೋಡುವ ಸಾಧನ) ಕೊಳ್ಳಲು ರಕ್ಷಣಾ ಸಚಿವಾಲಯವು 2025ರ ಅಕ್ಟೋಬರ್‌ನಲ್ಲಿ 659.47 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. ಗುರಿಯ ಮೇಲೆ ಬೆಳಕಿನ ಚುಕ್ಕೆ ಬೀಳಿಸುವ ಅಗ್ಗದ ಲೇಸರ್ ಸೈಟ್ ಹಾಕಿದ್ದರೆ ಸಾಲುತ್ತಿರಲಿಲ್ಲವೇ ಎಂದು ಕೇಳುವವರು ಕೊಡಗಿನ ನಮ್ಮೂರಿನಲ್ಲೂ ಇದ್ದಾರೆ. ಸೇನೆಯಲ್ಲಿ ಆಯುಧಗಳ ದುರಸ್ತಿ ನೋಡಿಕೊಂಡಿದ್ದ ನನಗೆ ಈ ಹೋಲಿಕೆಯೇ ಸರಿಯಿಲ್ಲ ಅನ್ನಿಸುತ್ತದೆ.

ಮಾರುವವರು ಮೊದಲು ತೋರಿಸುವುದು ಬಣ್ಣವನ್ನು. ಹಗಲಿನಲ್ಲಿ ನಮ್ಮ ಕಣ್ಣು 555 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನ ಹಸಿರನ್ನು ಚೆನ್ನಾಗಿ ಗ್ರಹಿಸುವುದರಿಂದ, ಅಷ್ಟೇ ಶಕ್ತಿಯ 650 ನ್ಯಾನೊಮೀಟರಿನ ಕೆಂಪಿಗಿಂತ ಹಸಿರು ಚುಕ್ಕೆ ಹೆಚ್ಚು ಪ್ರಖರವಾಗಿ ಕಾಣುವುದು ನಿಜ. ಆದರೆ 532 ನ್ಯಾನೊಮೀಟರಿನ ಹಳೆಯ ಬಗೆಯ ಹಸಿರು ಲೇಸರ್, ಕಣ್ಣಿಗೆ ಕಾಣದ 1064ರ ಕಿರಣವನ್ನು ಹರಳಿನ ಮೂಲಕ ಹಾಯಿಸಿ ಹಸಿರಾಗಿಸುವಂಥದ್ದು. ಅದು ಬ್ಯಾಟರಿಯನ್ನು ಬೇಗ ತಿನ್ನುತ್ತದೆ, ಚಳಿಯಲ್ಲಿ ಮಂಕಾಗುತ್ತದೆ. ನೇರವಾಗಿ 520ರ ಹಸಿರನ್ನೇ ಸೂಸುವ ಡಯೋಡ್ ಇದ್ದರೆ ಮಾತ್ರ ಹೆಚ್ಚಿನ ಹಣ ಕೊಡಬಹುದು. ಉರಿಬಿಸಿಲಿನಲ್ಲಂತೂ ಸ್ವಲ್ಪ ದೂರ ಹೋಗುತ್ತಲೇ ಎರಡೂ ಚುಕ್ಕೆಗಳು ಕಣ್ಮರೆ. ಕೈಲ್ ಪೊಳ್ದ್‌ ಹಬ್ಬದ ತೆಂಗಿನಕಾಯಿ ಗುರಿಗೆ ಕೋವಿಯ ತುದಿಯ ಮಣಿಯೇ ಸಾಕು, ಲೇಸರ್ ಅಲ್ಲಿ ಬರೀ ಶೋಕಿ.

ಬೆಲೆ ಹೆಚ್ಚಿದ್ದಕ್ಕೆ ನಿಜವಾಗಿ ಸಿಗಬೇಕಾದದ್ದು ಜೀರೋ (ಚುಕ್ಕೆ ಬಿದ್ದಲ್ಲೇ ಗುಂಡೂ ಬೀಳುವಂತೆ ಮಾಡಿದ ಹೊಂದಾಣಿಕೆ) ಕದಲದ ಗಟ್ಟಿತನ. ಗುಂಡಿನ ಹೊಡೆತಕ್ಕೆ ಲೇಸರ್ ಕೋನದ ಅತಿ ಸಣ್ಣ ಅಳತೆಯಾದ ಒಂದು ಮಿಲಿರೇಡಿಯನ್‌ನಷ್ಟು ಜರುಗಿದರೂ ನೂರು ಮೀಟರಿನಲ್ಲಿ ಹತ್ತು ಸೆಂಟಿಮೀಟರ್ ತಪ್ಪುತ್ತದೆ. ಇನ್ನೊಂದು ವಿಷಯವನ್ನು ಮಾರುವವರು ಹೇಳುವುದೇ ಅಪರೂಪ: ನಳಿಗೆಯಿಂದ ಐದು ಸೆಂಟಿಮೀಟರ್ ಪಕ್ಕಕ್ಕೆ ಕೂರಿಸಿದ ಲೇಸರನ್ನು 25 ಮೀಟರಿಗೆ ಜೀರೋ ಮಾಡಿದರೆ, ಕಿರಣವು ಗುಂಡಿನ ದಾರಿಯನ್ನು ಅಡ್ಡ ದಾಟಿ ನೂರು ಮೀಟರಿನಲ್ಲಿ ಆಚೆ ಬದಿಗೆ 15 ಸೆಂಟಿಮೀಟರ್ ದೂರ ಬೀಳುತ್ತದೆ. ಲೇಸರ್ ಎಷ್ಟೇ ದುಬಾರಿಯಾದರೂ ಈ ಲೆಕ್ಕ ಬದಲಾಗದು.

ಸೈನ್ಯಕ್ಕೆ ಲೇಸರ್ ಬೇಕೆಂದರೆ ಅದು ಬರಿಗಣ್ಣಿಗೆ ಕಾಣದ, ರಾತ್ರಿ ಕನ್ನಡಕದಲ್ಲಷ್ಟೇ ಕಾಣುವ ಇನ್‌ಫ್ರಾರೆಡ್ ಲೇಸರ್. ಅಮೆರಿಕದ ಪಡೆಗಳು ಬಳಸುವ ಪೆಕ್-15 ಎಂಬ ಉಪಕರಣ ಸುಮಾರು 213 ಗ್ರಾಂ ತೂಗುತ್ತದೆ. ಗುರಿ ತೋರುವ ಇನ್‌ಫ್ರಾರೆಡ್ ಕಿರಣ, ಗುರಿಯನ್ನು ಬೆಳಗುವ ಇನ್‌ಫ್ರಾರೆಡ್ ದೀಪ ಮತ್ತು ಕಣ್ಣಿಗೆ ಕಾಣುವ ಕೆಂಪು ಕಿರಣ, ಮೂರೂ ಅದರಲ್ಲಿವೆ. ಹೆಲ್ಮೆಟ್ಟಿಗೆ ರಾತ್ರಿ ಕನ್ನಡಕ ಹಾಕಿಕೊಂಡವನು ರೈಫಲ್‌ನ ಸೈಟ್‌ಗೆ ಕಣ್ಣಿಟ್ಟು ನೋಡುವುದು ಕಷ್ಟವಾದ್ದರಿಂದ, ಅವನಿಗೆ ಇದು ಬೇಕೇ ಬೇಕು. ರಾತ್ರಿ ಸೈಟನ್ನು ರೈಫಲ್ಲಿನ ಮೇಲೆಯೇ ಕೂರಿಸಿದ್ದರೆ ಅದರಲ್ಲೇ ಗುರಿ ಹಿಡಿಯಬಹುದು, ಪ್ರತ್ಯೇಕ ಲೇಸರ್ ಅಗತ್ಯವಿಲ್ಲ. ಮೇಲಾಗಿ, ಎದುರಾಳಿಯ ಬಳಿಯೂ ರಾತ್ರಿ ಕನ್ನಡಕವಿದ್ದರೆ ಆ ಕಿರಣವೇ ನಮ್ಮ ಜಾಗವನ್ನು ತೋರಿಸಿಕೊಡುತ್ತದೆ.

ಆದ್ದರಿಂದ ಸೇನೆಯಾಗಲಿ ಪೊಲೀಸ್ ಇಲಾಖೆಯಾಗಲಿ ಲೇಸರ್ ಸೈಟ್‌ಗಳಿಗೆ ಟೆಂಡರ್ ಕರೆಯುವಾಗ, ಅದನ್ನು ಬಳಸುವ ಸಿಬ್ಬಂದಿಯ ಕಣ್ಣಿನ ಮೇಲೆ ಯಾವ ಉಪಕರಣ ಇರುತ್ತದೆ ಎಂಬುದನ್ನು ಮೊದಲು ನಿರ್ಧರಿಸಲಿ. ನೂರಾರು ಗುಂಡು ಹಾರಿಸಿದ ಮೇಲೂ ಜೀರೋ ಉಳಿಯಬೇಕೆಂಬ ಪರೀಕ್ಷೆಯನ್ನು ಷರತ್ತಿನಲ್ಲಿ ಸೇರಿಸಲಿ. ಬೆಲೆಯ ಲಕೋಟೆ ತೆರೆಯುವುದು ಆಮೇಲೆ.

– ಒಬ್ಬ ಮಾಜಿ ಸೈನಿಕ, ವಿರಾಜಪೇಟೆ